ಮೂಲೆಯ ಲೆಕ್ಕ

“ಹಿಂದೆ ಬೆಂಚಿಗೆ ಮೊಳೆ ಹೊಡೀತಿದ್ದಾನಲ್ಲ, ಆ ಬಡಗೀನ ಕರೆದು ಬೋರ್ಡಿನ ಮುಂದೆ ನಿಲ್ಲಿಸಿದ್ರೂ ನಿನಗಿಂತ ವಾಸಿ,” ಅಂದರು ಮೇಷ್ಟ್ರು. ಅರವತ್ತು ಜನ ಹೈಸ್ಕೂಲು ಹುಡುಗರು ಗೊಳ್ಳೆಂದರು. ನಗದವರು ಇಬ್ಬರೇ: ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದ ಹುಡುಗಿ, ಸುತ್ತಿಗೆ ಹಿಡಿದಿದ್ದ ಬಡಗಿ.

ಬಡಗಿಗೆ ಮೈಯೆಲ್ಲ ಉರಿಯಿತು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು. ಆದರೂ ಸುತ್ತಿಗೆ ಕೆಳಗಿಟ್ಟು ಬೋರ್ಡು ನೋಡಿದ, ಯಾಕೆಂದರೆ ಅಲ್ಲಿದ್ದದ್ದು ಅವನದೇ ಕಸುಬು. ಸಮಾಂತರ ಚತುರ್ಭುಜದ ಎರಡು ಕರ್ಣಗಳೂ ಸಮವಾಗಿದ್ದರೆ ಅದರ ಮೂಲೆಗಳು ಲಂಬಕೋನ ಎಂದು ಸಾಧಿಸಿ. ಕಿಟಕಿಯ ಚೌಕಟ್ಟು ಕೂಡಿಸುವಾಗ ಅವನು ಮೂಲೆಯಿಂದ ಮೂಲೆಗೆ ಟೇಪು ಹಿಡಿಯುತ್ತಿದ್ದ. ಎರಡೂ ಅಳತೆ ಒಂದೇ ಬಂದರೆ ಚೌಕಟ್ಟು ನೆಟ್ಟಗಿದೆ ಅಂತ. ಯಾಕೆ ಅಂತ ಕೇಳಿದ್ದಕ್ಕೆ, ಕಸುಬು ಕಲಿಸಿದ ಸೋದರಮಾವ ತಲೆಗೆ ಮೊಟಕಿದ್ದ. ಆ ‘ಯಾಕೆ’ ಹತ್ತು ವರ್ಷದಿಂದ ಎದೆಯಲ್ಲೇ ಕೂತಿತ್ತು. ಇವತ್ತು ಅದಕ್ಕೆ ಉತ್ತರ ಬರೆಯಬೇಕಿದ್ದ ಹುಡುಗಿಯ ಕೈ ಹೆದರಿ ಕಲ್ಲಾಗಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಎಲ್ಲರೂ ಹೋದ ಮೇಲೂ ಹುಡುಗಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. ಮನೆಯಲ್ಲಿ ಎಲ್ಲಾ ಬರುತ್ತೆ, ಬೋರ್ಡು ಕಂಡರೆ ಮೊದಲ ಸಾಲೇ ಮಾಯ ಅಂತ ಗೊಣಗಿದಳು. ಬಡಗಿ ಮರದ ಪಟ್ಟಿಯ ನಾಲ್ಕು ತುಂಡು ರೀಪು ತಂದು, ಮೂಲೆಗೊಂದು ಮೊಳೆ ಸಡಿಲವಾಗಿ ಹೊಡೆದು, ಅವಳ ಮುಂದಿಟ್ಟು ಒತ್ತಿದ. ಚೌಕಟ್ಟು ಓರೆಯಾಯಿತು, ಒಂದು ಕರ್ಣ ಉದ್ದ, ಇನ್ನೊಂದು ಗಿಡ್ಡ. ನೆಟ್ಟಗೆ ಮಾಡಿದ, ಎರಡೂ ಸಮ.

“ಹೀಗಾಗುತ್ತೆ ಅಂತ ಗೊತ್ತು ತಂಗಿ. ಯಾಕೆ ಅಂತ ನೀನು ಹೇಳು. ನಂಗೆ ಮಾರ್ಕ್ಸ್ ಕೊಡೋಕೂ ಬರಲ್ಲ, ಕಳೆಯೋಕೂ ಬರಲ್ಲ.”

ಅವಳಿಗೆ ನಗು ಬಂತು. ಕೆಳಗಿನ ರೀಪಿನ ಮೇಲೆ ಬೆರಳಿಟ್ಟಳು. ಈ ಕರ್ಣದ್ದೊಂದು, ಆ ಕರ್ಣದ್ದೊಂದು, ಎರಡು ತ್ರಿಭುಜಕ್ಕೂ ಇದೇ ತಳ ಅಂದಳು, ಈ ಪಕ್ಕ, ಆ ಪಕ್ಕ ಸಮ, ಕರ್ಣಗಳೂ ಸಮ, ಮೂರೂ ಬಾಹು ಸಮವಾದ ಮೇಲೆ ತ್ರಿಭುಜಗಳು ಒಂದೇ ಅಚ್ಚು, ಹಾಗಾಗಿ ಕೆಳಗಿನ ಎರಡು ಮೂಲೆಯೂ ಒಂದೇ. ಪಕ್ಕದ ರೀಪುಗಳು ಸಮಾಂತರ, ಅಂದಮೇಲೆ ಆ ಎರಡು ಮೂಲೆ ಸೇರಿ ಎರಡು ಲಂಬಕೋನ. ಸಮಪಾಲು ಮಾಡಿದರೆ ತಲಾ ಒಂದು. ದನಿ ಎಲ್ಲೂ ನಡುಗಲಿಲ್ಲ.

ಬಡಗಿ ಇನ್ನೊಂದು ಸಲ ಹೇಳಿಸಿಕೊಂಡ. ಮತ್ತೊಂದು ಸಲ. ಅರ್ಥವಾಗಲಿಲ್ಲ ಅಂತಲ್ಲ, ಮುಗಿದುಹೋಗುವುದು ಬೇಡವಾಗಿತ್ತು. ಇಂಥ ‘ಯಾಕೆ’ಗಳಿಗೆ ಉತ್ತರ ದಿನಾ ಕಿವಿಗೆ ಬೀಳುವ ಜಾಗದಲ್ಲಿ ಕೂತು ಇವರೆಲ್ಲ ಹೆದರಿ ಸಾಯುತ್ತಾರಲ್ಲ ಅಂತ ಹೊಟ್ಟೆ ಉರಿಯಿತು.

“ನಾಳೆ ವೃತ್ತದ ಪಾಠ, ಅಣ್ಣ. ನಿಮಗೇ ಮೊದಲು ಹೇಳ್ತೀನಿ. ಬರ್ತೀರಲ್ಲ?”

ಮುರಿದ ಬೆಂಚುಗಳಲ್ಲಿ ಕೊನೆಯದಕ್ಕೂ ಮೊಳೆ ಬಿದ್ದಾಗಿತ್ತು. ನಾಳೆ ಅವನನ್ನು ಈ ಬಾಗಿಲೊಳಗೆ ಬಿಡುವವರು ಯಾರೂ ಇರಲಿಲ್ಲ. ಬಡಗಿ ಚೀಲ ಹೆಗಲಿಗೇರಿಸಿಕೊಂಡು, ರೀಪಿನ ಚೌಕಟ್ಟನ್ನು ಅವಳ ಮುಂದೆಯೇ ಬಿಟ್ಟು ನಡೆದುಬಿಟ್ಟ.