ಅವ್ವ ಬಂತು

ಸುಣ್ಣದ ಬಕೆಟ್ಟು ಕಂಡ ಕೂಡಲೇ ನನಗೆ ಎಲ್ಲ ತಿಳಿಯಿತು.

ಶನಿವಾರ, ಬೆಳಗಿನ ಶಾಲೆ. ನಾಲ್ಕನೆಯ ತರಗತಿಯ ಬಾಗಿಲಲ್ಲಿ ಶಾಲೆಯ ಉಸ್ತುವಾರಿ ಸಮಿತಿ, ಎಸ್‌ಡಿಎಂಸಿಯ ಅಧ್ಯಕ್ಷರಾದ ಶಂಭುಲಿಂಗಪ್ಪ ಗೌಡರು ನಿಂತಿದ್ದರು. ಅವರ ಹಿಂದೆ ಬಕೆಟ್ಟು, ಕುಂಚ ಹಿಡಿದ ಮಲಿಕಸಾಬ. ಅವನ ಹಿಂದೆ ತಲೆಯ ಮೇಲೆ ಸೆರಗು ಹೊದ್ದ ಗೌಡರ ಹೆಂಡತಿ ಸಾವಿತ್ರೆವ್ವ. ನಮ್ಮ ಹೆಡ್‌ಮಾಸ್ತರ ದಿನಕರ ಸರ್ ಎಲ್ಲರಿಗೂ ದಾರಿ ಬಿಟ್ಟು, ಕೊನೆಗೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ಧೈರ್ಯದ ಮಾತು ಬಂದಾಗ ಅವರದು ಯಾವಾಗಲೂ ಹಿಂದಿನ ಬೆಂಚು.

ನಾನು ಅತಿಥಿ ಶಿಕ್ಷಕಿ. ದಿನಾ ಧಾರವಾಡದಿಂದ ಎರಡು ಬಸ್ಸು ಬದಲಿಸಿ, ತಂಬೂರದ ಆಚೆ ಇಳಿದು, ಎರಡು ಕಿಲೋಮೀಟರ್ ನಡೆದು ಈ ಊರಿಗೆ ಬರುತ್ತೇನೆ. ಗೌಡರು ಬೇಡವೆಂದು ಬರೆದುಕೊಟ್ಟರೆ ಸೋಮವಾರದಿಂದ ಬರುವ ಹಾಗಿಲ್ಲ. ಬರೆದ ಕಾಗದ ಅವರ ಅಂಗಿಯ ಜೇಬಿನಿಂದ ಇಣುಕುತ್ತಲೇ ಇತ್ತು.

ಎಲ್ಲಕ್ಕೂ ಕಾರಣ ಹಿಂಬದಿಯ ಗೋಡೆ. ಅದರ ಮೇಲೆ ನಾನು ಕೆಮ್ಮಣ್ಣಿನಿಂದ ಮೂರು ಮನೆ ಬರೆದಿದ್ದೆ, ಒಂದಕ್ಕೊಂದು ಅಂಟಿಕೊಂಡವು. ‘ಬಂದ’ ಮನೆ, ‘ಬಂದಳು’ ಮನೆ, ‘ಬಂತು’ ಮನೆ. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂದು ಬಾಯಿಪಾಠ ಮಾಡಿಸಿದರೆ ಮಕ್ಕಳು ಆಕಳಿಸುತ್ತವೆ. ಅದಕ್ಕೆ ತಂತಮ್ಮ ಮನೆಯ ಮಂದಿಯ, ದನಕರುಗಳ ಚಿತ್ರ ಬರೆದು ತಂದು ಗೋಡೆಯ ಮೇಲಿನ ಸರಿಯಾದ ಮನೆಗೆ ಸೇರಿಸಬೇಕು, ತಾಳ ಬಡಿದು ಹಾಡಬೇಕು:

ಬಾಗಲಾ ತಗೀರಿ, ಬಂದವರ‍್ಯಾರು?
ಮಾವ ಬಂದ, ಅತ್ತಿ ಬಂದಳು,
ಕರು ಬಂತು, ಕರು ಬಂತು!

ಪದ ನನ್ನದು. ಧಾಟಿ ಸಾವಿತ್ರೆವ್ವನವರು ಬೀಸುವಾಗ ಹಾಡುವುದಂತೆ; ಅವರ ಮೊಮ್ಮಗಳು ಅಮೃತಾ ನನಗೆ ಕಲಿಸಿಕೊಟ್ಟಿದ್ದಳು. ವರ್ಗದಲ್ಲೇ ಜಾಣೆ ಅವಳು.

ಆ ಜಾಣೆಯೇ ಗುರುವಾರ ತನ್ನ ಅವ್ವನ ಚಿತ್ರ ತಂದು ‘ಬಂತು’ ಮನೆಯಲ್ಲಿ, ಎಮ್ಮೆಯ ಚಿತ್ರದ ಪಕ್ಕ ಅಂಟಿಸಿದಳು. ಹಸಿರು ಸೀರೆ, ಕೈತುಂಬ ಬಳೆ, ಕೈಯಲ್ಲಿ ರೊಟ್ಟಿ. ಎಷ್ಟು ಚೆಂದ ಬರೆದಿದ್ದಳು! ನಾನು ನೋಡಿದ್ದು ತಪ್ಪನ್ನು ಮಾತ್ರ. ಬೆಳಗಿನ ಬಸ್ಸು ತಪ್ಪಿ ಮೊದಲೇ ತಲೆ ಕೆಟ್ಟಿತ್ತು. “ಏನವಾ, ನಿಮ್ಮವ್ವ ಏನು ಎಮ್ಮೀನ?” ಎಂದುಬಿಟ್ಟೆ. ವರ್ಗವೆಲ್ಲ ಬಿದ್ದು ಬಿದ್ದು ನಕ್ಕಿತು. ಅಮೃತಾ ಅಳಲಿಲ್ಲ. ಚಿತ್ರವನ್ನು ಮೆಲ್ಲಗೆ ಕಿತ್ತು ಪಾಟಿಚೀಲದಲ್ಲಿ ಇಟ್ಟುಕೊಂಡಳು.

ಈಗ ಗೌಡರು ಒಳಗೆ ಬಂದರು. ಮಕ್ಕಳು ಎದ್ದು ನಿಂತರು. ಅವರು ಕೂಡ್ರಿ ಎನ್ನಲಿಲ್ಲ.

“ಟೀಚರ್, ನನ್ನ ಸೊಸೀಗೆ ಎಮ್ಮಿ ಅಂದಿರಂತಲ್ರಿ?”

“ಹಂಗಲ್ರಿ ಗೌಡ್ರ, ಅದು ಪಾಠದಾಗ...”

“ಪಾಠ ಇರಲಿ. ಮೊನ್ನೆ ಊಟಕ್ಕ ಕುಂತಾಗ ‘ಅವ್ವ ಬಂತು, ರೊಟ್ಟಿ ನೀಡತೈತಿ ತಡಿ’ ಅಂದ್ನಿ. ಈ ಕೂಸು ತಾಟು ಬಿಟ್ಟು ಎದ್ದಿತು. ‘ನಮ್ಮವ್ವ ಎಮ್ಮಿ ಅಲ್ಲ, ಬಂದಳು ಅನ್ನು’ ಅಂತ ನನಗ ಹೇಳತೈತಿ! ಎರಡು ದಿನ ಆತು, ನನ್ನ ಕೂಡ ಮಾತಾಡವಲ್ದು.”

ಮಲಿಕಸಾಬ ಕುಂಚವನ್ನು ಸುಣ್ಣದಲ್ಲಿ ಅದ್ದಿ, “ಹಚ್ಚಲೇನ್ರಿ ಗೌಡ್ರ?” ಎಂದ.

“ತಡೀಪಾ.”

ನನಗೂ ಸಿಟ್ಟು ಬಂತು. ಕ್ರಿಯಾಪದ ಲಿಂಗಕ್ಕೆ ಹೊಂದಬೇಕೆಂಬುದು ನಾನು ಮಾಡಿದ ಕಾನೂನಲ್ಲ. ಪರೀಕ್ಷೆಯಲ್ಲಿ ‘ಅವ್ವ ಬಂತು’ ಎಂದು ಬರೆದರೆ ಅಂಕ ಯಾರು ಕೊಡುತ್ತಾರೆ? “ಹೆಣ್ಣುಮಕ್ಕಳನ್ನ ದನಾ, ಕಲ್ಲಿನ ಸಾಲಿನಾಗ ನಿಲ್ಲಸೂದು ಸರಿ ಏನ್ರಿ?” ಎಂದು ಕೇಳಿಯೇಬಿಟ್ಟೆ. ದಿನಕರ ಸರ್ ಹಿಂದಿನಿಂದ ಸುಮ್ಮನಿರೆಂದು ಕೈಸನ್ನೆ ಮಾಡುತ್ತಿದ್ದರು.

ಗೌಡರು ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸಲೀಸಾಗುತ್ತಿತ್ತು.

“ಊರ ದ್ಯಾಮವ್ವ ಗುಡಿಯಿಂದ ಹೊರಗ ಬಂತು ಅಂತ ಕೈ ಮುಗೀತೀವಿ. ದ್ಯಾಮವ್ವನ್ನೂ ಎಮ್ಮಿ ಬಾಜೂಕ ಕುಂದ್ರಸ್ತೀರೇನು? ನನ್ನ ಹಡದವ್ವ ಸತ್ತಾಗ ‘ಅವ್ವ ಹೋತು’ ಅಂತ ಅತ್ತೇನ್ರಿ ನಾನು. ‘ಹೋದಳು’ ಅಂತ ಅಳಬೇಕಿತ್ತೇನು? ಯಾವಾಕೀನೋ ಮನಿ ಬಿಟ್ಟು ಓಡಿ ಹೋದಂಗ?”

ಅವರು ಅಂಗೈಯಿಂದ ಕಣ್ಣು ಒರೆಸಿಕೊಂಡರು. ಅರವತ್ತೈದು ದಾಟಿದ ಮನುಷ್ಯ, ಮಕ್ಕಳ ಎದುರಿಗೆ. ಈ ಊರಲ್ಲಿ ಮನೆಯ ಹೆಣ್ಣುಮಕ್ಕಳಿಗೆ ಅಕ್ಕರೆಯಿಂದ ‘ಬಂತು’ ಎನ್ನುವುದೇ ರೂಢಿ. ನಮ್ಮ ಮನೆಯಲ್ಲಿ ‘ಬಂದ್ಲು’ ಎನ್ನುತ್ತಾರೆ, ಪುಸ್ತಕವೂ ಅದಕ್ಕೆ ಹತ್ತಿರ. ಹಾಗಾಗಿ ಈ ಊರಿನ ಮಾತಿನ ಒಳಗೇನಿದೆ ಎಂದು ನಾನು ಒಂದು ದಿನವೂ ಕೇಳಿದವಳಲ್ಲ. ಧಾಟಿ ಮಾತ್ರ ಇವರಿಂದ ಇಸಕೊಂಡಿದ್ದೆ. ನಾಚಿಕೆಯಾಯಿತು, ಕೆಟ್ಟದಾಗಿ ನಾಚಿಕೆಯಾಯಿತು.

ಅಮೃತಾಳ ಬೆಂಚಿನ ಹತ್ತಿರ ಹೋದೆ. “ಅಮೃತಾ, ಮೊನ್ನೆ ನಾ ಅಂದದ್ದು ತಪ್ಪು. ಎಲ್ಲಾರ ಮುಂದ ಅಂದೆ, ಎಲ್ಲಾರ ಮುಂದನ ಹೇಳ್ತೀನಿ, ತಪ್ಪಾತು. ಪುಸ್ತಕದಾಗ ಬಂದಳು ಅಂತ ಬರೀ. ಮನ್ಯಾಗ ಬಂತು ಅನ್ನು. ಎರಡೂ ಕನ್ನಡನ.”

ಅವಳು ಪಾಟಿಚೀಲದಿಂದ ಚಿತ್ರ ತೆಗೆದಳು. ಎರಡು ಕಡೆ ಮಡಿಕೆ ಬಿದ್ದಿತ್ತು. “ಹಂಗಾರ ಎಲ್ಲಿ ಹಚ್ಚಲ್ರಿ?”

ನನಗೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. “ಮಲಿಕಸಾಬರ, ಎರಡನೇ ಮನಿಗೂ ಮೂರನೇ ಮನಿಗೂ ನಡುವ ಗ್ವಾಡಿ ಅದ ಅಲ್ರಿ, ಅಲ್ಲೊಂದು ಬಾಗಲಾ ತಗೀರಿ.”

ಅವನು ಗೌಡರ ಮುಖ ನೋಡಿದ. ಕುಂಚದಿಂದ ಸುಣ್ಣ ತೊಟತೊಟ ನೆಲಕ್ಕೆ ಬೀಳುತ್ತಿತ್ತು. ಗೌಡರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಲಿಕಸಾಬ ಮೇಲಿನಿಂದ ಕೆಳಗೆ ಒಂದು ಸಲ ಕುಂಚ ಎಳೆದ. ಕೆಮ್ಮಣ್ಣಿನ ಗೆರೆ ಅಳಿಸಿ ಬಾಗಿಲಾಯಿತು. ಅಮೃತಾ ಅಲ್ಲಿ ಅವ್ವನನ್ನು ನಿಲ್ಲಿಸಿದಳು.

ಮುಗಿಯಿತೆಂದುಕೊಂಡೆ. ಅವಳು ಗೋಡೆಯ ಮುಂದಿನಿಂದ ಕದಲಲಿಲ್ಲ. ಮೊದಲನೆಯ ಮನೆಯಲ್ಲಿ ಅವಳೇ ಬರೆದ ಅಜ್ಜನ ಚಿತ್ರ ಇತ್ತು, ಪಟಕ, ಮೀಸೆ ಸಮೇತ. ಅದನ್ನೇ ನೋಡುತ್ತ ನಿಂತು, ಎರಡು ದಿನದ ಮೇಲೆ ಅಜ್ಜನ ಕೂಡ ಮಾತಾಡಿದಳು.

“ಅಜ್ಜಾ, ಬಂತು ಅನ್ನೂದು ಪ್ರೀತೀಲೆ ಅಂದ್ರ, ನಿನಗ್ಯಾಕ ಯಾರೂ ‘ಅಜ್ಜ ಬಂತು’ ಅನ್ನೂದಿಲ್ಲ?”

ಗೌಡರ ಕೈ ಜೇಬಿನ ಕಾಗದದ ಮೇಲೆ ಹೋಯಿತು. ನನ್ನ ಕೆಲಸ ಅಲ್ಲಿಗೆ ಮುಗಿದ ಹಾಗೇ ಎಂದುಕೊಂಡೆ.

ಅಷ್ಟೊತ್ತೂ ಹೊಸ್ತಿಲ ಹತ್ತಿರ ನಿಂತಿದ್ದ ಸಾವಿತ್ರೆವ್ವ ಸೆರಗು ಸರಿಮಾಡಿಕೊಂಡರು. “ಯಾಕ ಅನಬಾರದ ನನ ಕೂಸ? ನಾ ಅಂತೀನಿ ತಡಿ.” ಗಂಡನ ಕಡೆ ಕಣ್ಣು ಎತ್ತದೆ, ಹೊಸ ಪದಾರ್ಥದ ರುಚಿ ನೋಡುವವರ ಹಾಗೆ ಮೆಲ್ಲಗೆ ಅಂದರು: “ಅಜ್ಜ... ಬಂತು.”

ಮೊದಲು ನಕ್ಕವನು ಮುಂದಿನ ಬೆಂಚಿನ ರಮಜಾನ್. ಆಮೇಲೆ ಇಡೀ ವರ್ಗ. ಮಲಿಕಸಾಬ ಗೋಡೆಯ ಕಡೆ ತಿರುಗಿದ. ಅವನ ಹೆಗಲು ಕುಣಿಯುತ್ತಿತ್ತು. ಗೌಡರು ನಗಲಿಲ್ಲ. ನಲವತ್ತು ವರ್ಷ ಜೊತೆಗಿದ್ದ ಹೆಂಡತಿಯನ್ನು ಆಗ ತಾನೇ ಕಂಡವರಂತೆ ನೋಡಿದರು.

“ನಡೀ, ಮನಿಗೆ ಹೋಗೂಣು,” ಎಂದರು ಕೊನೆಗೆ. “ಮಲಿಕಾ, ಉಳದ ಸುಣ್ಣಾ ಹೊರಗಿನ ಕಂಪೌಂಡಿಗೆ ಹಚ್ಚು.”

ಅವರು ಹೊಸ್ತಿಲು ದಾಟುವಾಗ ದಿನಕರ ಸರ್‌ಗೆ ಎಲ್ಲಿಂದಲೋ ಬಾಯಿ ಬಂತು. “ಗೌಡ್ರ, ಆ ಕಾಗದ... ಸೋಮವಾರ ಶುಭಾ ಟೀಚರ್ ಬರ್ತಾರೋ ಇಲ್ಲೋ, ಏನಂತ ತಿಳಕೊಳ್ಳಲ್ರಿ?”

ಗೌಡರು ತಿರುಗಿ ನನ್ನನ್ನು ನೋಡಿದರು. ಎರಡು ವರ್ಷದಿಂದ ಬರ್ರಿ, ಕೂಡ್ರಿ ಎಂಬ ಮರ್ಯಾದೆಯ ಮಾತಿನಲ್ಲೇ ನನ್ನನ್ನು ದೂರ ಇಟ್ಟಿದ್ದ ಮನುಷ್ಯ.

“ಬರತೈತಿ ಬಿಡ್ರಿ,” ಎಂದರು. “ಎಲ್ಲಿಗೆ ಹೋಗತೈತಿ?”

ಮಕ್ಕಳೆಲ್ಲ ಒಟ್ಟಿಗೇ ನನ್ನ ಕಡೆ ತಿರುಗಿದರು, ನಾನು ತಿದ್ದುತ್ತೇನೆಂದು. ನನಗೆ ಕಣ್ಣು ತುಂಬಿ ಗೋಡೆಯೇ ಕಾಣುತ್ತಿರಲಿಲ್ಲ. ಹೌದ್ರಿ, ಬರತೈತಿ ಎಂದೆ.