ಭಾವ ಮೈದುನರ ಇಂಜಿನ್ನು

"ನಿನ್ನ ತಮ್ಮನಿಗೆ ಹೇಳು, ಪ್ಲಗ್ಗು ಹೊಸದು. ನಿನ್ನೆ ತಾನೇ ಹಾಕಿದ್ದು."

ತಮ್ಮ ನಿಂತಿದ್ದದ್ದು ಗಂಡನಿಂದ ಒಂದು ಮೊಳ ದೂರದಲ್ಲಿ, ಅದೇ ದೋಣಿಯಲ್ಲಿ, ಅದೇ ಇಂಜಿನ್ನಿನ ಮೇಲೆ ಬಾಗಿಕೊಂಡು. ಆದರೂ ದಡದ ಕಲ್ಲಿನ ಮೇಲೆ ಕೂತಿದ್ದ ಅವಳು ದನಿ ಎತ್ತಿ ಹೇಳಿದಳು, "ಪ್ಲಗ್ಗು ಹೊಸದಂತೆ ಕಣೋ."

"ಹೊಸದಾದ್ರೇನು ಅಕ್ಕಾ, ಕಿಡಿನೇ ಬರ್ತಿಲ್ವಲ್ಲ ಅಂತ ಹೇಳು."

"ಕಿಡಿ ಬರ್ತಿಲ್ವಂತೆ ರೀ."

"ನಾನೇನು ಕಿವುಡನಾ?" ಎಂದು ಗಂಡ ಅವಳ ಮೇಲೆಯೇ ರೇಗಿದ.

ಒಂದು ವರ್ಷದಿಂದ ಅವಳ ಬಾಳು ಹೀಗೆಯೇ ನಡೆದಿತ್ತು. ಹೋದ ವರ್ಷ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, ಪೇಟೆಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿರುವ ತಮ್ಮ ಭಾವನ ದೋಣಿಯ ಇಂಜಿನ್ನನ್ನು "ತುಕ್ಕು ಡಬ್ಬ" ಎಂದುಬಿಟ್ಟಿದ್ದ. ನಗಿಸಲೆಂದು ಆಡಿದ ಮಾತು, ಎಲ್ಲರೂ ನಕ್ಕರು. ಆದರೆ ಗಂಡನಿಗೆ ಆ ಇಂಜಿನ್ನು ಅಪ್ಪನಿಂದ ಬಂದದ್ದು. ಅಪ್ಪನನ್ನೇ ಬೈದಿದ್ದರೂ ಸಹಿಸಿಕೊಳ್ಳುತ್ತಿದ್ದನೋ ಏನೋ, ಇಂಜಿನ್ನನ್ನು ಬೈದದ್ದಕ್ಕೆ ತಟ್ಟೆ ಬಿಟ್ಟು ಎದ್ದುಹೋದ. ಅಂದಿನಿಂದ ತಮ್ಮ ಮುಂಬಾಗಿಲಿಂದ ಬಂದರೆ ಗಂಡ ಹಿಂಬಾಗಿಲಿಂದ ಹೊರಗೆ. ಅತ್ತ ದರಿ ಇತ್ತ ಪುಲಿ ಎಂಬಂತಾಗಿತ್ತು ಅವಳ ಪಾಡು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಒಂದು ತುತ್ತು ಬಡಿಸಿ ವರ್ಷವಾಯಿತಲ್ಲ ಎನ್ನುವ ಸಂಕಟಕ್ಕೆ ಅವಳು ಒಬ್ಬಳೇ ಅತ್ತದ್ದೂ ಇದೆ.

ಈ ಸಲ ವರ್ಷದ ರಿಪೇರಿಗೆಂದು ಬಿಚ್ಚಿ ಜೋಡಿಸಿದ ಮೇಲೆ ಇಂಜಿನ್ನು ಉಸಿರೇ ಎತ್ತಲಿಲ್ಲ. ಹೊಳೆ ದಾಟುವ ಜನ ದಡಕ್ಕೆ ಬಂದು ಇಣುಕಿ, ಉಪದೇಶ ಕೊಟ್ಟು, ಸುತ್ತು ದಾರಿಯ ಬಸ್ಸು ಹಿಡಿಯುತ್ತಿದ್ದರು. ಗಂಡ ವೈರು ಬದಲಾಯಿಸಿದ, ಪ್ಲಗ್ಗು ಬದಲಾಯಿಸಿದ, ಕೊನೆಗೆ ಒದ್ದೂ ನೋಡಿದ. ಕಾಲು ನೋವು ಬಂತೇ ಹೊರತು ಇಂಜಿನ್ನಿಗೆ ಏನೂ ಆಗಲಿಲ್ಲ. ಅವಳು ಗುಟ್ಟಾಗಿ ತಮ್ಮನಿಗೆ ಫೋನು ಮಾಡಿದಳು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಗಂಡ, "ನಾನಂತೂ ಕರೆದಿಲ್ಲ. ಬಂದೋನು ನೋಡ್ಕೊಂಡು ಹೋಗ್ಲಿ" ಎಂದ.

ತಮ್ಮ ಒಂದೊಂದನ್ನೇ ಬಿಚ್ಚಿ ನೋಡುತ್ತ ಬಂದ. ಪಾಯಿಂಟನ್ನು ಉಜ್ಜಿದ, ಕಾಯಿಲನ್ನು ಪರೀಕ್ಷಿಸಿದ. ಕೊನೆಗೆ ಅರ್ತ್ ವೈರಿನ ಬೋಲ್ಟು ಬಿಚ್ಚಿದವನು ಅದರ ಕೆಳಗಿನ ಜಾಗವನ್ನು ಬಗ್ಗಿ ನೋಡಿ, ಮತ್ತೊಮ್ಮೆ ನೋಡಿ, ಹಣೆ ಚಚ್ಚಿಕೊಂಡ.

"ಅಕ್ಕಾ, ಕೇಳು ಇವರನ್ನ. ಅರ್ತ್ ಕಟ್ಟೋ ಜಾಗಕ್ಕೂ ಬಣ್ಣ ಬಳಿದೋರು ಯಾರಂತೆ? ಬೋಲ್ಟಿನ ತೂತನ್ನೂ ಬಿಟ್ಟಿಲ್ಲ! ಕರೆಂಟು ಹೋದ್ರೆ ಸಾಕಾ? ವಾಪಸ್ ಬರೋಕೆ ದಾರಿ ಬೇಡ್ವಾ? ಕಬ್ಬಿಣಕ್ಕೆ ಕಬ್ಬಿಣ ತಾಗ್ಬೇಕು. ನಡುವೆ ಬಣ್ಣ ಬಂದ್ರೆ ಎಲ್ಲಾ ಅಲ್ಲಿಗೇ ನಿಂತೋಗುತ್ತೆ."

ನಿಜವೇ. ಇಂಜಿನ್ನು ಮೇಲಿಂದ ಕೆಳಗಿನವರೆಗೆ ನೀಲಿ ಬಣ್ಣದಲ್ಲಿ ಮದುಮಗನಂತೆ ಮಿಂಚುತ್ತಿತ್ತು.

"ಬಳಿದಿದ್ದು ನಾನೇ ಅನ್ನು," ಎಂದ ಗಂಡ. "ಒಂದೊಂದು ಭಾಗವನ್ನೂ ಬಿಚ್ಚಿ, ಉಜ್ಜಿ, ಎರಡೆರಡು ಸಲ ಬಳಿದೆ. ಯಾಕೆ ಬಳಿದೆ ಅಂತ ಅವನನ್ನೇ ಕೇಳು. ತುಕ್ಕು ಡಬ್ಬ ಅಂದೋನು ಯಾರಂತೆ?"

ಅವಳು ಬಾಯಿ ತೆರೆದಳು, ಆದರೆ ಮಾತು ದಾಟಿಸಲಿಲ್ಲ. ತಮ್ಮನ ಮುಖ ಸಣ್ಣದಾಗಿತ್ತು. ಅವನು ಚಾಕುವಿನ ತುದಿಯಿಂದ ಬೋಲ್ಟಿನ ಸುತ್ತ ಒಂದು ಬಿಲ್ಲೆಯಷ್ಟೇ ಜಾಗ ಕೆರೆದ. ಬೇರೆಲ್ಲೂ ಗೀರು ಬೀಳದಂತೆ, ಇನ್ನೊಂದು ಅಂಗೈಯನ್ನು ಬಣ್ಣಕ್ಕೆ ಮರೆಯಾಗಿಟ್ಟು, ನಿಧಾನವಾಗಿ ಕೆರೆದ. ಅವಳು ಅದನ್ನು ನೋಡಿದಳು. ಗಂಡನೂ ನೋಡಿದ, ನೋಡಿ ನೀರಿನ ಕಡೆ ಮುಖ ತಿರುಗಿಸಿದ.

ವೈರನ್ನು ಬಿಗಿದು, ಹೊರಗೆ ತೆಗೆದಿದ್ದ ಪ್ಲಗ್ಗನ್ನು ಕೆರೆದ ಜಾಗಕ್ಕೆ ತಾಗಿಸಿ ಹಿಡಿದು ತಮ್ಮ ಹೇಳಿದ, "ಈಗ ಹಗ್ಗ ಎಳೀಲಿ ಅಂತ ಹೇಳಕ್ಕಾ. ಮೆಲ್ಲಗೆ."

ಮೆಲ್ಲಗೆ ಎನ್ನುವುದು ಅವಳ ಬಾಯಿಂದ ಹೊರಡುವುದರೊಳಗೆ ಗಂಡ ಒಂದು ವರ್ಷದ ಸಿಟ್ಟನ್ನೆಲ್ಲ ಕೂಡಿಸಿ ಹಗ್ಗ ಎಳೆದಿದ್ದ. ತಮ್ಮನ ಬೆರಳು ಪ್ಲಗ್ಗಿನ ಮೇಲೆ ಇರಬಾರದ ಕಡೆಯಲ್ಲೇ ಇತ್ತು.

"ಅಯ್ಯಯ್ಯೋ! ಭಾವಾ! ಸತ್ತೆ ಭಾವಾ!"

"ಏನಾಯ್ತೋ? ಎಲ್ಲಿ, ಕೈ ತೋರ್ಸು!"

ಗಂಡ ಹಗ್ಗ ಬಿಸಾಡಿ, ಮೈದುನನ ಕೈ ಹಿಡಿದು, ಮಗುವಿನ ಬೆರಳಿಗೆ ಊದುವಂತೆ ಊದುತ್ತಿದ್ದ. ಮೂರು ಸಲ ಊದಿದ ಮೇಲೆ ಅವನಿಗೆ ತಾನೇನು ಮಾಡುತ್ತಿದ್ದೇನೆಂದು ಹೊಳೆಯಿತು. ಈ ಸಲ ಶಾಕು ಹೊಡೆದದ್ದು ಇಬ್ಬರಿಗೂ. ಕೈ ಬಿಟ್ಟರು. ಗಂಡ ಗಂಟಲು ಸರಿಮಾಡಿಕೊಂಡು ದಡದ ಕಡೆ ತಿರುಗಿದ.

"ನಿನ್ನ ತಮ್ಮನಿಗೆ ಹೇಳು, ಕಿಡಿ..."

"ನನ್ನ ಬಾಯಿಗೆ ಇವತ್ತು ರಜ," ಎಂದಳು ಅವಳು. "ಬೇಕಾದ್ರೆ ನೀವೇ ಹೇಳ್ಕೊಳ್ಳಿ."

ತಮ್ಮ ಪ್ಲಗ್ಗು ಕೂರಿಸಿದ, ಗಂಡ ಹಗ್ಗ ಎಳೆದ. ಇಂಜಿನ್ನು ಎರಡು ಸಲ ಕೆಮ್ಮಿತು, ಮೂರನೆಯ ಸಲ ದಡವೇ ನಡುಗುವಂತೆ ಗುಡುಗಿತು. ಓಡಿಸಿ ನೋಡಲೆಂದು ಗಂಡ ದೋಣಿ ಬಿಟ್ಟ. ತಮ್ಮ ಇಳಿಯಲಿಲ್ಲ, ಗಂಡ ಇಳಿ ಎನ್ನಲೂ ಇಲ್ಲ.

ಸ್ವಲ್ಪ ದೂರ ಹೋಗಿತ್ತೋ ಇಲ್ಲವೋ, ಆ ಸದ್ದನ್ನೂ ಮೀರಿಸಿ ಕೂಗಾಟ ಶುರುವಾಯಿತು.

"ಅಷ್ಟೊಂದು ಪೆಟ್ರೋಲ್ ಬಿಡ್ಬೇಡಿ ಭಾವಾ, ಉಸಿರು ಕಟ್ಟುತ್ತೆ ಅದಕ್ಕೆ!"

"ನೀನು ಹುಟ್ಟೋಕೆ ಮುಂಚಿಂದ ಓಡಿಸ್ತಿದೀನಿ ಕಣೋ! ಬಾಯಿ ಮುಚ್ಕೊಂಡು ಕೂತ್ಕೋ!"

"ಕೂತ್ಕೊಳ್ಳಲ್ಲ! ಏನ್ ಮಾಡ್ತೀರಾ?"

ಹೊಳೆ ದಾಟಲು ಬಂದಿದ್ದ ಶಾಲೆಯ ಟೀಚರು ಗಾಬರಿಯಿಂದ ಅವಳ ಪಕ್ಕ ಬಂದು ನಿಂತರು. "ಏನಮ್ಮಾ, ಜಗಳ ಆಡ್ತಿದಾರಾ?"

"ಹೂಂ ಟೀಚರೇ, ಜಗಳಾನೇ," ಎಂದಳು ಅವಳು. "ಅವರವರೇ ಆಡ್ಕೊಳ್ತಿದಾರೆ." ಅಷ್ಟು ಹೇಳಿ ಮುಂಗೈಯಿಂದ ಕಣ್ಣು ಒರೆಸಿಕೊಂಡಳು.

ದೋಣಿ ನಡುನೀರು ಸೇರಿ, ಯಾರು ಏನೆನ್ನುತ್ತಿದ್ದಾರೆಂದು ತಿಳಿಯದಾಯಿತು. ಬರೀ ಎರಡು ದನಿ ಕೇಳಿಸುತ್ತಿದ್ದವು. ಅವು ಕೇಳಿಸುವಷ್ಟು ಹೊತ್ತೂ ಅವಳು ಅಲ್ಲಿಂದ ಕದಲಲಿಲ್ಲ.