ಮುನಿಯಕ್ಕನ ಎಡಗೆನ್ನೆ

"ಇನ್ನೊಂಚೂರು ತಿರುಗಿಸ್ರಮ್ಮ, ಇನ್ನೊಂಚೂರು," ಎನ್ನುತ್ತ ಬೈರಮ್ಮ ಮರದ ಕುರ್ಚಿಯ ಹಿಂಗಾಲು ಹಿಡಿದು ಎಳೆದಳು. ಕುರ್ಚಿಯಲ್ಲಿ ಕೂತಿದ್ದವಳು ಅವಳ ಅತ್ತಿಗೆ ಮುನಿಯಕ್ಕ, ಬೆಳಗಿನ ಜಾವ ತೀರಿಕೊಂಡವಳು. ಮುತ್ತೈದೆ ಸಾವು, ಆದ್ದರಿಂದ ಕೈತುಂಬ ಹಸಿರು ಬಳೆ, ಮುಡಿತುಂಬ ಹೂವು, ಹಣೆಯಲ್ಲಿ ಕಾಸಿನಗಲ ಕುಂಕುಮ. ಬೆಳಿಗ್ಗೆಯೇ ಕೂರಿಸಿ ಗದ್ದಕ್ಕೆ ಬಟ್ಟೆ ಕಟ್ಟಿದ್ದರು. ಈಗ ಕತ್ತು ಸೆಟೆದುಕೊಂಡಿತ್ತು. ಮುಖ ತಿರುಗಬೇಕೆಂದರೆ ಕುರ್ಚಿಯೇ ತಿರುಗಬೇಕು. ಇದು ಮೂರನೆಯ ಸಲ.

"ಬಲಗಡೆ ಕೆನ್ನೆ ಕಾಣ್ತೈತಾ ಸಾರ್?" ಎಂದು ಬೈರಮ್ಮ ಫೋಟೊದವನನ್ನು ಕೇಳಿದಳು.

ಜಾಲಹಳ್ಳಿ ಕ್ರಾಸಿನ ಸ್ಟುಡಿಯೊದಿಂದ ಬಂದಿದ್ದ ಶ್ಯಾಮಸುಂದರ ಕ್ಯಾಮೆರಾದಿಂದ ಕಣ್ಣು ತೆಗೆದು, "ಕಾಣುತ್ತೆ. ಆದ್ರೆ ಬೇಗ ಹೇಳಿ ಅಮ್ಮ. ರೀಲಲ್ಲಿ ಉಳಿದಿರೋದು ಒಂದೇ. ಬೆಳಿಗ್ಗೆ ಒಂದು ಮದುವೆ ಮುಗಿಸ್ಕೊಂಡು ಹಾಗೇ ಬಂದಿದೀನಿ," ಎಂದ.

ಒಂದೇ ಫೋಟೊ ಎಂದ ಕೂಡಲೇ ಅಂಗಳಕ್ಕೆ ಅಂಗಳವೇ ಗಡಿಬಿಡಿಗೆ ಬಿತ್ತು. ಮುನಿಯಕ್ಕ ಬದುಕಿದ್ದಾಗ ಫೋಟೊ ಎಂದರೆ ಸೆರಗು ಎಳೆದುಕೊಂಡು ಅಡುಗೆಮನೆ ಸೇರುತ್ತಿದ್ದಳು. ಗೋಡೆಗೆ ಹಾಕಿ ಹೂವಿಡಲು ಇದೊಂದೇ ಗತಿ. ತಮಟೆಯವರು ಜೋರಾಗಿ ಬಾರಿಸುತ್ತಿದ್ದರು, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಹಿರಿಯರು ಅವಸರ ಮಾಡುತ್ತಿದ್ದರು. ಕಾರ್ಖಾನೆಯಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದ ಹೆಂಗಸರ ನಡುವೆ ಭಾಗ್ಯಮ್ಮನೂ ನಿಂತಿದ್ದಳು. ಅವಳು ಮಾತ್ರ ಫೋಟೊದವನನ್ನು ನೋಡುತ್ತಿರಲಿಲ್ಲ, ಮುನಿಯಕ್ಕನ ಎಡಗೆನ್ನೆಯನ್ನು ನೋಡುತ್ತಿದ್ದಳು. ಒಂಬತ್ತು ವರ್ಷ ಪಕ್ಕದಲ್ಲೇ ಕೂತು ದುಡಿದಿದ್ದರೂ ಆ ಕೆನ್ನೆಯನ್ನು ಇಷ್ಟು ಹತ್ತಿರದಿಂದ ಅವಳು ಕಂಡಿರಲಿಲ್ಲ.

ಬಲಗೆನ್ನೆ ಮೂವತ್ತರ ಹೆಂಗಸಿನದು. ಎಡಗೆನ್ನೆ ಎಪ್ಪತ್ತರ ಮುದುಕಿಯದು. ಕಣ್ಣಿನ ಕೊನೆಯಿಂದ ದವಡೆಯವರೆಗೆ ಗೆರೆಯ ಮೇಲೆ ಗೆರೆ, ಬತ್ತಿದ ಕೆರೆಯಂಗಳ ಬಿರಿದ ಹಾಗೆ. ಮುನಿಯಕ್ಕನಿಗೆ ಆಗಿದ್ದದ್ದು ಐವತ್ತೆರಡು.

*

ಪೀಣ್ಯದ ಆ ಕಾರ್ಖಾನೆಯಲ್ಲಿ ಅವರಿಬ್ಬರದೂ ಬೇರಿಂಗ್ ಗುಂಡುಗಳಲ್ಲಿ ಗೀರು ಹುಡುಕುವ ಕೆಲಸ. ಉದ್ದನೆಯ ಮೇಜು, ಸಾಲಾಗಿ ಸ್ಟೂಲು. ಸಾಲಿನ ಕೊನೆಗೆ, ಪಡುವಣ ಕಿಟಕಿಯ ಪಕ್ಕ, ಮುನಿಯಕ್ಕ. ಅವಳ ಬಲಕ್ಕೆ ಭಾಗ್ಯ. ಮಧ್ಯಾಹ್ನ ಊಟದ ಗಂಟೆಯಿಂದ ಸಂಜೆ ಸೈರನ್ನಿನವರೆಗೆ ಬಿಸಿಲು ಕಿಟಕಿಯಿಂದ ಒಳಗೆ ಸುರಿಯುತ್ತಿತ್ತು. ಪರದೆ ಕಟ್ಟಿದರೆ ಸೂಪರ್‌ವೈಸರ್ ಕಿತ್ತು ಬಿಸಾಡುತ್ತಿದ್ದ. ಬೆಳಕಿಲ್ಲದೆ ಗೀರು ಕಾಣುವುದು ಹೇಗೆ ಎಂದು ಅವನ ವಾದ.

ಮೊದಮೊದಲು ಆ ಕೆನ್ನೆಗೆ ಮುನಿಯಕ್ಕ ಮಾಡದ ಮದ್ದಿರಲಿಲ್ಲ. ಕಡಲೆಹಿಟ್ಟು, ಬೆಣ್ಣೆ, ಲೋಳೆಸರ, ಹರಳೆಣ್ಣೆ, ಬೀದಿಯಲ್ಲಿ ಮಾರುವ ಕತ್ತೆಹಾಲು. ಹಬ್ಬದ ಮುಂಗಡ ಬಂದಾಗ ಮೆಜೆಸ್ಟಿಕ್ಕಿಗೆ ಹೋಗಿ ಮುಖಕ್ಕೆ ಹಚ್ಚುವ ಸ್ನೋ ಡಬ್ಬಿಯನ್ನೂ ತಂದಳು. ಹೆಂಗಸರು ಅವಳಿಗೊಂದೊಂದು ಉಪಾಯ ಹೇಳಿ, ಮರುದಿನ ಬೆಳಿಗ್ಗೆ ಕೆನ್ನೆ ಪರೀಕ್ಷೆ ಮಾಡಿ, ನಗುತ್ತಿದ್ದರು. ಮುನಿಯಕ್ಕನೂ ನಗುತ್ತಿದ್ದಳು. ನಕ್ಕರೆ ಗೆರೆ ಇನ್ನಷ್ಟು ಏಳುತ್ತಿತ್ತು. ಭಾಗ್ಯ ಕೆಲಸಕ್ಕೆ ಸೇರಿದ ಮೇಲೆ ಮಾತ್ರ, ಅವಳತ್ತ ತಿರುಗುವಾಗಲೆಲ್ಲ ಆ ಕೆನ್ನೆಗೆ ಸೆರಗು ಎಳೆದುಕೊಳ್ಳುತ್ತಿದ್ದಳು.

ಭಾಗ್ಯಳ ಕಣ್ಣು ಕಿಟಕಿಯ ಮೇಲಿತ್ತು. ಶೀಟಿನ ಸೂರು, ಆ ಮೂಲೆಗೆ ಫ್ಯಾನಿಲ್ಲ, ಗಾಳಿ ಬರುವುದೇ ಅಲ್ಲಿಂದ. ಹತ್ತೊಂಬತ್ತರ ಹುಡುಗಿ, ರಸ್ತೆಯಲ್ಲಿ ಹೋಗುವ ಬಸ್ಸು ನೋಡುವ ಚಪಲ ಬೇರೆ.

"ಅಕ್ಕ, ವಾರಕ್ಕೊಂದ್ಸಲ ಜಾಗ ಬದಲಾಯಿಸ್ಕೊಳೋಣ," ಎಂದು ಕೇಳಿದಳು.

"ಆಗಕಿಲ್ಲ ಕಣೆ."

"ಯಾಕಾಗಲ್ಲ? ಕಿಟಕಿ ಏನು ನಿಮ್ಮಪ್ಪಂದಾ?"

"ನಮ್ಮಪ್ಪಂದೇ ಅನ್ಕೋ. ಸುಮ್ಕೆ ಗುಂಡು ನೋಡು."

ಭಾಗ್ಯ ಸುಮ್ಮನಿರಲಿಲ್ಲ. ಸೂಪರ್‌ವೈಸರಿಗೆ ದೂರು ಕೊಟ್ಟಳು. ಅವನು ಕರೆದು ಕೇಳಿದರೆ ಮುನಿಯಕ್ಕ ಆ ಜಾಗ ಬಿಟ್ಟರೆ ಕೆಲಸವನ್ನೇ ಬಿಡುತ್ತೇನೆಂದಳು. ಆಮೇಲೆ ಒಂದು ತಿಂಗಳು ಭಾಗ್ಯ ಅವಳೊಂದಿಗೆ ಮಾತೇ ಬಿಟ್ಟಳು. ಗಾಳಿಗೂ ಜಿಪುಣತನ ಮಾಡುವ ಹೆಂಗಸು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ಮಾತು ಮತ್ತೆ ಶುರುವಾದರೂ ಆ ಮುನಿಸು ಒಳಗೊಳಗೆ ಹಾಗೇ ಉಳಿದಿತ್ತು.

*

ಅಂಗಳದಲ್ಲಿ ಕುರ್ಚಿ ತಿರುಗಿಸುವ ಗಡಿಬಿಡಿ ನಡೆದಿರುವಾಗಲೇ ಕಾರ್ಖಾನೆಯ ಹೂವಿನ ಹಾರ ಹಿಡಿದು ಹನುಮಯ್ಯ ಬಂದ. ಕಾರ್ಖಾನೆಯ ದವಾಖಾನೆಯಲ್ಲಿ ಕಾಂಪೌಂಡರು, ಯಾರ ಮಾತಿಗಾದರೂ ತನ್ನದೊಂದು ಮಾತು ಸೇರಿಸದೆ ಬಿಡುವ ಜಾಯಮಾನದವನಲ್ಲ. ಹಾರ ಹಾಕಿ, ಕೈಮುಗಿದು, ಯಾವ ಕೆನ್ನೆ ಕಾಣಬೇಕೆಂಬ ಗಲಾಟೆ ಕೇಳಿ ತಲೆಯಾಡಿಸಿದ.

"ಪಾಪ, ಈ ಕೆನ್ನೆ ಹಿಂಗಾಗ್ಬೇಕಿರಲಿಲ್ಲ. ನಾನು ಅವತ್ತೇ ಹೇಳಿದ್ದೆ."

"ಏನಂತ ಹೇಳಿದ್ರಿ?" ಎಂದಳು ಭಾಗ್ಯಮ್ಮ.

"ವಯಸ್ಸು ಬಂದ್ರೆ ಎರಡೂ ಕೆನ್ನೆಗೆ ಬರುತ್ತೆ ಕಣಮ್ಮ, ಒಂದಕ್ಕೇ ಬರಲ್ಲ. ಇದು ಬಿಸಿಲಿಂದು. ದಿನಾ ಒಂದೇ ಕಡೆ ಬಿದ್ದು ಬಿದ್ದು ಚರ್ಮದ ಬಿಗಿಯೇ ಹೋಗಿಬಿಡುತ್ತೆ. ಡಾಕ್ಟ್ರೂ ಅದನ್ನೇ ಅಂದ್ರು, ಬೆಣ್ಣೆ, ಸ್ನೋ ಎಲ್ಲಾ ದಂಡ, ಮೊದಲು ಆ ಕಿಟಕಿ ಬಿಡಿ ಅಂತ."

"ಮತ್ಯಾಕೆ ಬಿಡಲಿಲ್ಲ?"

ಹನುಮಯ್ಯ ಅವಳನ್ನು ಒಮ್ಮೆ ನೋಡಿ, ಮುನಿಯಕ್ಕನನ್ನು ಒಮ್ಮೆ ನೋಡಿದ.

"ಹೇಳ್ಬಾರದು ಅಂತ ಮಾತು ತಗೊಂಡಿದ್ರು. ಈಗೇನು, ಮಾತು ತಗೊಂಡೋರೇ ಹೋದ್ರು. 'ನಾನು ಎದ್ರೆ ಅಲ್ಲಿ ಕೂರೋದು ಆ ಬಾಗ್ಯ, ಅದಕ್ಕಿನ್ನೂ ಗಂಡು ಗೊತ್ತಾಗಿಲ್ಲ' ಅಂದ್ರು. 'ನನ್ನ ನೋಡಕ್ಕೆ ಇನ್ಯಾರು ಬತ್ತಾರೆ ಸಾಮಿ' ಅಂತ ನಕ್ಕುಬಿಟ್ರು. ನಿಂಗೆ ಹೇಳಿದ್ರೆ ಹಟಕ್ಕೆ ಬಿದ್ದು ಅಲ್ಲೇ ಕೂತ್ಕೋತೀಯಂತೆ."

ಭಾಗ್ಯಮ್ಮನ ಕೈ ತಾನಾಗಿ ತನ್ನ ಎಡಗೆನ್ನೆಗೆ ಹೋಯಿತು. ನುಣುಪಾಗಿತ್ತು. ಮೂರು ವರ್ಷದ ಹಿಂದೆ ನೋಡಲು ಬಂದ ಗಂಡಿನ ಕಡೆಯವರು ಹುಡುಗಿಯ ಮುಖ ತಿಳಿಯಾಗಿದೆ ಎಂದಿದ್ದರು. ಅವಳಿಗೆ ದುಃಖವಾಯಿತು, ನಾಚಿಕೆಯಾಯಿತು, ಅದೆರಡನ್ನೂ ಮೀರಿ ಏನೋ ಒಂದು ಒದ್ದುಕೊಂಡು ಬಂತು. ಇಷ್ಟು ದೊಡ್ಡ ಪ್ರೀತಿ ತನ್ನ ಎಡಪಕ್ಕದಲ್ಲೇ ಕೂತಿತ್ತು, ತಾನು ಅದರ ಜೊತೆ ಗಾಳಿಗಾಗಿ ಜಗಳವಾಡಿದ್ದಳು. ಅವಳು ನುಗ್ಗಿ ಹೋಗಿ ಕುರ್ಚಿಯ ತೋಳು ಹಿಡಿದಳು.

"ಈ ಕಡೆ ತಿರುಗಿಸಿ. ಎಡಗಡೆ ತೆಗೀಲಿ."

ಬೈರಮ್ಮ ಸಿಡಿದೆದ್ದಳು. "ನಿಂಗೇನ್ ತಲೆ ಕೆಟ್ಟೈತೇನಮ್ಮಿ? ಜೀವಮಾನ್ವೆಲ್ಲಾ ಸೆರಗಲ್ಲಿ ಮುಚ್ಕೊಂಡಿದ್ಲು, ಈಗ ಗ್ವಾಡೆಗೆ ನೇತಾಕ್ತೀಯಾ?"

"ಮುಚ್ಕೊಂಡಿದ್ದು ನಾಚಿಕೆಗಲ್ಲ ಬೈರಮ್ಮ. ನನಗೆ ಗೊತ್ತಾಗ್ಬಾರದು ಅಂತ."

"ಎರಡೂ ಇದ್ದಾತು. ಮನೆಯೋರು ನಾವು, ನಮ್ಗೆ ಬಿಡು."

ಆ ಮಾತಿನಲ್ಲಿ ನ್ಯಾಯವಿತ್ತು. ಕತ್ತೆಹಾಲು ಹಚ್ಚಿದವಳಿಗೆ ಆ ಕೆನ್ನೆ ಇಷ್ಟವಿತ್ತೆಂದು ಯಾರು ಹೇಳುತ್ತಾರೆ? ಆದರೂ ಭಾಗ್ಯಮ್ಮ ಕುರ್ಚಿಯ ತೋಳು ಬಿಡಲಿಲ್ಲ. ಇಬ್ಬರೂ ಒಂದೊಂದು ಕಡೆ ಹಿಡಿದು ಎಳೆದರೆ ಮುನಿಯಕ್ಕ ಕುರ್ಚಿಯ ಸಮೇತ ವಾಲಿದಳು. ತಮಟೆ ನಿಂತಿತು.

"ಸೊಣ್ಣಪ್ಪಾರೇ, ನೀವೇ ಹೇಳಿ," ಎಂದ ಶ್ಯಾಮಸುಂದರ.

ಜಗುಲಿಯ ಮೂಲೆಯಲ್ಲಿ ಕೂತಿದ್ದ ಮುನಿಯಕ್ಕನ ಗಂಡ ಎದ್ದು ಬಂದ. ಹೆಂಡತಿಯ ಎದುರು ಕುಕ್ಕರಗಾಲಲ್ಲಿ ಕೂತು, ಎಡಗೆನ್ನೆಯ ಗೆರೆಗಳ ಮೇಲೆ ಹೆಬ್ಬೆರಳನ್ನು ಮೇಲಿನಿಂದ ಕೆಳಕ್ಕೆ ಎಳೆದ. ಬೆರಳಿಗೆ ದಾರಿ ಗೊತ್ತಿತ್ತು.

"ದಿನಾ ಮಲಿಕ್ಕೊಳೋ ಮುಂಚೆ ಬೆಣ್ಣೆ ಅಚ್ತಿದ್ದೋನು ನಾನೇ," ಎಂದ. "ವಾಸಿ ಆಗಕಿಲ್ಲ ಅಂತ ಅವಳ್ಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ಆದ್ರೂ ಅಚ್ಚು ಅಂತಿದ್ಲು. ಇನ್ಮೇಕೆ ನಾನು ನೋಡೋದಿದ್ರೆ ಈ ಕೆನ್ನೇನೇ ನೋಡ್ಬೇಕು. ತೆಗೀರಿ."

ಬೈರಮ್ಮ ಕುರ್ಚಿಯ ಕಾಲು ಬಿಟ್ಟು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಅವಳೇ ಮುಂದಾಗಿ ನಿಂತು ಕುರ್ಚಿ ತಿರುಗಿಸಿದಳು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ಯಾರೋ ಹೂವು ಸರಿಮಾಡಿದರು, ಯಾರೋ ಮಕ್ಕಳನ್ನು ಎಳೆದು ಹಿಂದೆ ನಿಲ್ಲಿಸಿದರು. ಸೊಣ್ಣಪ್ಪ ಪಕ್ಕದಲ್ಲಿ ನಿಂತ. ಶ್ಯಾಮಸುಂದರ ಕ್ಯಾಮೆರಾಗೆ ಕಣ್ಣಿಟ್ಟು ಲೊಚಗುಟ್ಟಿದ.

"ಬಿಸಿಲು ನೇರವಾಗಿ ಕೆನ್ನೆಗೇ ಹೊಡೀತಿದೆ. ಬರೀ ಬೆಳ್ಳಗೆ ಬರುತ್ತೆ, ಒಂದು ಗೆರೆನೂ ಕಾಣಲ್ಲ. ಯಾರಾದ್ರೂ ಅಡ್ಡ ನಿಂತ್ಕೊಳಿ."

ಭಾಗ್ಯಮ್ಮ ಓಡಿದಳು. ಕುರ್ಚಿಗೂ ಸೂರ್ಯನಿಗೂ ನಡುವೆ ನಿಂತು ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದಳು.

"ಹಾಂ, ಸರಿಹೋಯ್ತು. ಮೇಡಂ, ಬೇಕಾದ್ರೆ ಈ ಕಡೆ ತಿರುಗಿ, ನಿಮ್ಮ ಮುಖಕ್ಕೆ ಬಿಸಿಲು."

ಅವಳು ತಿರುಗಲಿಲ್ಲ. ಪಡುವಣದ ಬಿಸಿಲು ಮುಖಕ್ಕೆ ರಾಚುತ್ತಿದ್ದರೂ ತಲೆಯೆತ್ತಿ ಹಾಗೇ ನಿಂತಳು. ಹಿಂದೆ ಮುನಿಯಕ್ಕನ ಕೆನ್ನೆ ನೆರಳಿನಲ್ಲಿತ್ತು.